ಪಿಕಪ್ ಗಾಡಿ: ಪೆಟ್ರೋಲ್ ತಗೊಳ್ಳೋದಾ, ಡೀಸೆಲ್ ತಗೊಳ್ಳೋದಾ? ಮೊದಲು ದಿನದ ಕಿಲೋಮೀಟರ್ ಬರೆದಿಡಿ

ತಿಪಟೂರು: ಅಂಗಡಿಗೆ ಒಂದು ಗೂಡ್ಸ್ ಗಾಡಿ ತಗೋಬೇಕು ಅಂತ ಮನೆಯಲ್ಲಿ ಮಾತು ಶುರುವಾದರೆ ಸಾಕು, ಪಕ್ಕದ ಅಂಗಡಿಯವರು, ಗ್ಯಾರೇಜಿನವರು, ಟೀ ಅಂಗಡಿಯಲ್ಲಿ ಕೂತವರು ಎಲ್ಲರೂ ಒಂದೇ ಮಾತು ಹೇಳ್ತಾರೆ. ಲೋಡ್ ಗಾಡಿ ಅಂದ್ರೆ ಡೀಸೆಲ್, ಬೇರೆ ಯೋಚನೆನೇ ಬೇಡ. ಮೂರು ವರ್ಷದ ಹಿಂದೆ ನಮ್ಮ ಸೋದರಮಾವನಿಗೂ ಇದೇ ಮಾತು ಹೇಳಿದವರಿದ್ದರು. ಅವರಲ್ಲಿ ನಾನೂ ಒಬ್ಬ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟು ಮಾವನ ದಿನಸಿ ಅಂಗಡಿಯಲ್ಲಿ ಕೂರ್ತಿದ್ದ ಕಾಲ ಅದು. "ಡೀಸೆಲ್ ತಗೋ ಮಾವ, ಗಟ್ಟಿ" ಅಂತ ನಾನೇ ಹೇಳಿದ್ದು. ಆ ಗಾಡಿ ಓಡಿಸಿದವನೂ ನಾನೇ.

ಎಂಟು ತಿಂಗಳಿಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ಲೈಟ್ ಬಂತು. ಏನೋ ಸೆನ್ಸರ್ ಇರಬೇಕು ಅಂತ ಬಿಟ್ಟೆವು. ಇನ್ನೊಂದು ವಾರಕ್ಕೆ ಗಾಡಿ 40ರ ಮೇಲೆ ಹೋಗಲೇ ಇಲ್ಲ. ಗೌರಿ ಹಬ್ಬಕ್ಕೆ ಇನ್ನೂ ನಾಲ್ಕು ದಿನ ಇತ್ತು, ಅಂಗಡಿಗೆ ಮಾಲು ಬರಬೇಕಾಗಿದ್ದ ಸಮಯ. ಗಾಡಿ ಒಂಬತ್ತು ದಿನ ವರ್ಕ್‌ಶಾಪಿನಲ್ಲಿ ನಿಂತಿತು. ಬಾಡಿಗೆ ಗಾಡಿ ಹಿಡಿದು ಹಬ್ಬದ ವ್ಯಾಪಾರ ಮಾಡಿದ್ದಾಯ್ತು. ಕಂತು ಮಾತ್ರ ಐದನೇ ತಾರೀಖಿಗೆ ಸರಿಯಾಗಿ ಕಟ್ ಆಯ್ತು.

ಗಾಡಿ ಕೆಟ್ಟದಿರಲಿಲ್ಲ. ನಾವು ಓಡಿಸ್ತಿದ್ದ ರೀತಿಗೆ ಅದು ಹೊಂದೋ ಗಾಡಿ ಅಲ್ಲ, ಅಷ್ಟೆ. ದಿನಕ್ಕೆ 25ರಿಂದ 30 ಕಿಲೋಮೀಟರ್. ಗೋಡೌನಿಂದ ಅಂಗಡಿ, ಅಂಗಡಿಯಿಂದ ಹತ್ತಿರದ ಹಳ್ಳಿ ಅಂಗಡಿಗಳು, ವಾಪಸ್. ಎಲ್ಲೂ ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಸಮ ಓಡಿಸಿದ್ದಿಲ್ಲ.

ಈಗಿನ ಡೀಸೆಲ್ ಗಾಡಿ ಹಳೇ ಡೀಸೆಲ್ ಗಾಡಿ ಅಲ್ಲ

"ಡೀಸೆಲ್ ಅಂದ್ರೆ ಗಟ್ಟಿ" ಅನ್ನೋ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಟಾಟಾ ಏಸ್ 2005ರಲ್ಲಿ ಬಂದಾಗ ಅದರಲ್ಲಿ ಇದ್ದದ್ದು 702 ಸಿಸಿಯ ಎರಡು ಸಿಲಿಂಡರ್ ಡೀಸೆಲ್ ಎಂಜಿನ್, ಬರೀ 16 ಎಚ್‌ಪಿ. ಯಾವ ಊರಿನ ಮೆಕ್ಯಾನಿಕ್ ಬೇಕಾದ್ರೂ ಸ್ಪ್ಯಾನರ್ ಹಿಡಿದು ರಿಪೇರಿ ಮಾಡ್ತಿದ್ದ. ಡೀಸೆಲ್ ರೇಟೂ ಆಗ ಸರ್ಕಾರದ ಹಿಡಿತದಲ್ಲಿತ್ತು. 2012ರ ಮೇ ಕೊನೆಯಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂ., ಡೀಸೆಲ್ 41 ರೂ. ಹತ್ತಿರ. 32 ರೂಪಾಯಿ ವ್ಯತ್ಯಾಸ ಇದ್ದಾಗ ಯಾರು ಪೆಟ್ರೋಲ್ ಲೋಡ್ ಗಾಡಿ ತಗೋತಾರೆ?

2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ನಿಯಂತ್ರಣ ತೆಗೆದರು. ಆಮೇಲೆ ವ್ಯತ್ಯಾಸ ಕರಗ್ತಾ ಬಂತು. ನಮ್ಮ ರಾಜ್ಯದಲ್ಲಿ 2024ರ ಜೂನ್‌ನಲ್ಲಿ ಎರಡರ ಮೇಲೂ ಮಾರಾಟ ತೆರಿಗೆ ಏರಿತು. 2025ರ ಏಪ್ರಿಲ್ 1ರಿಂದ ಡೀಸೆಲ್ ತೆರಿಗೆ ಮತ್ತೆ ಶೇ. 18.44ರಿಂದ 21.17ಕ್ಕೆ ಹೋಗಿ ಲೀಟರಿಗೆ 2 ರೂಪಾಯಿ ಜಾಸ್ತಿ ಆಯ್ತು. ಅದಾದ ಮೇಲೆ ಬೆಂಗಳೂರಿನಲ್ಲಿ ಪೆಟ್ರೋಲ್ ಸುಮಾರು 103, ಡೀಸೆಲ್ ಸುಮಾರು 91. ವ್ಯತ್ಯಾಸ 12 ರೂಪಾಯಿ.

ಇನ್ನೊಂದು ದೊಡ್ಡ ಬದಲಾವಣೆ ಬಿಎಸ್6. 2020ರ ಏಪ್ರಿಲ್ 1ರಿಂದ ಮಾರೋ ಗಾಡಿಗಳಿಗೆಲ್ಲ ಈ ನಿಯಮ. ಪೆಟ್ರೋಲ್ ಎಂಜಿನ್‌ಗೆ ಇದರಿಂದ ಅಂಥ ಕಷ್ಟ ಆಗಲಿಲ್ಲ. ಡೀಸೆಲ್ ಹೊಗೆಯಲ್ಲಿ ಮಸಿ ಜಾಸ್ತಿ, ನೈಟ್ರೋಜನ್ ಆಕ್ಸೈಡ್ ಜಾಸ್ತಿ. ಅದಕ್ಕೇ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನೋ ಫಿಲ್ಟರ್ ಕೂರಿಸಿದರು. ಕೆಲವು ಮಾಡೆಲ್‌ಗೆ ಎಲ್‌ಎನ್‌ಟಿ, ಇನ್ನು ಕೆಲವಕ್ಕೆ ಯೂರಿಯಾ ದ್ರಾವಣ ಹಾಕೋ ಟ್ಯಾಂಕ್. ಸ್ಪ್ಯಾನರ್ ಮಾತ್ರ ಇದ್ದರೆ ಈಗ ಸಾಲದು, ಸ್ಕ್ಯಾನರ್ ಬೇಕು.

ಕಂಪನಿಗಳು ಏನು ಮಾಡಿದವು ನೋಡಿದ್ರೂ ಗೊತ್ತಾಗುತ್ತೆ. ಮಾರುತಿ ಸೂಪರ್ ಕ್ಯಾರಿ 2016ರಲ್ಲಿ ಬಂದಾಗ 793 ಸಿಸಿ ಡೀಸೆಲ್ ಇತ್ತು. ಬಿಎಸ್6 ಬಂದ ತಕ್ಷಣ ಡೀಸೆಲ್ ನಿಂತುಹೋಯ್ತು, ಈಗ ಪೆಟ್ರೋಲ್ ಮತ್ತು ಸಿಎನ್‌ಜಿ ಮಾತ್ರ. ಡೀಸೆಲ್‌ನಿಂದಲೇ ಹೆಸರು ಮಾಡಿದ ಏಸ್‌ಗೆ 2020ರಲ್ಲಿ ಪೆಟ್ರೋಲ್ ಎಂಜಿನ್ ಬಂತು. 2025ರ ಜೂನ್‌ನಲ್ಲಿ ಬಂದ ಏಸ್ ಪ್ರೋದಲ್ಲಿ ಪೆಟ್ರೋಲ್ ಇದೆ, ಪೆಟ್ರೋಲ್-ಸಿಎನ್‌ಜಿ ಇದೆ, ಎಲೆಕ್ಟ್ರಿಕ್ ಇದೆ. ಡೀಸೆಲ್ ಇಲ್ಲ. ಹಾಗಂತ ಸಣ್ಣ ಗಾಡಿಯಲ್ಲಿ ಡೀಸೆಲ್ ಪೂರ್ತಿ ಹೋಗಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಏಸ್ ಗೋಲ್ಡ್ ಪ್ಲಸ್ ಡೀಸೆಲ್ ಬಂತು, 900 ಕೆಜಿ ಲೋಡಿಗೆ. ಒಂದು ಟನ್ ದಾಟಿದ ಮೇಲೆ ಮಾತ್ರ ಇನ್ನೂ ಡೀಸೆಲ್ಲಿನದೇ ರಾಜ್ಯ. ಇಂಟ್ರಾ ವಿ30, ದೋಸ್ತ್, ಬೊಲೆರೋ ಪಿಕಪ್ ಎಲ್ಲ ಆ ಸಾಲಿನವು.

ಡಿಪಿಎಫ್ ಯಾಕೆ ಕಟ್ಟಿಕೊಳ್ಳುತ್ತೆ?

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಶೋರೂಮಿನಲ್ಲಿ ನಮಗೆ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಡಿಪಿಎಫ್ ಮಸಿಯನ್ನ ಹಿಡಿದಿಟ್ಟುಕೊಳ್ಳುತ್ತೆ. ತುಂಬಿದ ಮೇಲೆ ಅದನ್ನ ಸುಡಬೇಕು. ಸುಡೋಕೆ ಸೈಲೆನ್ಸರ್ ಒಳಗೆ 600 ಡಿಗ್ರಿ ಹತ್ತಿರ ಶಾಖ ಬೇಕು. ಆ ಶಾಖ ಬರೋಕೆ ಗಾಡಿ ಒಂದು ಹದವಾದ ವೇಗದಲ್ಲಿ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಬೇಕು. ಬಿ.ಎಚ್. ರೋಡಿನಲ್ಲಿ ತುಮಕೂರು ಕಡೆ ಹೋಗೋ ಗಾಡಿಗೆ ಇದು ತಾನಾಗೇ ಆಗಿಹೋಗುತ್ತೆ, ಡ್ರೈವರಿಗೆ ಗೊತ್ತೂ ಆಗಲ್ಲ. ಊರೊಳಗೆ ಅಂಗಡಿ ಅಂಗಡಿಗೆ ನಿಲ್ಲಿಸ್ತಾ, ಕೀ ಆಫ್ ಮಾಡ್ತಾ ಓಡೋ ಗಾಡಿಗೆ ಆಗಲ್ಲ. ಸುಡೋಕೆ ಶುರುವಾಗಿರುತ್ತೆ, ಅಷ್ಟರಲ್ಲಿ ಎಂಜಿನ್ ಆಫ್. ಮತ್ತೆ ಶುರು, ಮತ್ತೆ ಆಫ್. ಇದಕ್ಕೆ ಅಂತ ಹೆಚ್ಚಿಗೆ ಸಿಂಪಡಿಸೋ ಡೀಸೆಲ್ ಅರ್ಧಂಬರ್ಧ ಉಳಿದು ಎಂಜಿನ್ ಆಯಿಲ್‌ಗೆ ಸೇರೋದೂ ಉಂಟು. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ಇಳಿಯೋ ಬದಲು ಏರಿದ್ದರೆ ಖುಷಿ ಪಡಬೇಡಿ, ಆಯಿಲ್ ತೆಳ್ಳಗಾಗ್ತಿದೆ ಅಂತ ಅರ್ಥ.

ಲೈಟ್ ಬಂದ ದಿನವೇ ಹೈವೇಗೆ ತಗೊಂಡು ಹೋಗಿ ಮ್ಯಾನುಯಲ್‌ನಲ್ಲಿ ಹೇಳಿದ ವೇಗದಲ್ಲಿ ಓಡಿಸಿದ್ರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತೆ. ನಾವು ಬಿಟ್ಟದ್ದು ಅದೇ ಒಂದು ವಾರ. ಅಲ್ಲಿಂದ ಮುಂದೆ ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿ ಬಲವಂತವಾಗಿ ಸುಡಿಸಬೇಕು. ಅದಕ್ಕೂ ಬಗ್ಗದಿದ್ರೆ ಫಿಲ್ಟರ್ ಬದಲಾವಣೆ. ಅದು ಹತ್ತಾರು ಸಾವಿರದ ಮಾತು.

ನಮ್ಮ ತಾಲ್ಲೂಕಿನವರು ಇನ್ನೊಂದು ವಿಷಯ ನೆನಪಿಡಬೇಕು. ಡಿಪಿಎಫ್ ಸುಡೋ ಹೊತ್ತಿನಲ್ಲಿ ಸೈಲೆನ್ಸರ್ ಕೆಂಡದಂತೆ ಇರುತ್ತೆ. ತೋಟದಲ್ಲಿ ಒಣಗಿದ ಗರಿ ಮೇಲೆ, ಮಟ್ಟೆ ರಾಶಿ ಪಕ್ಕ, ನಾರಿನ ಫ್ಯಾಕ್ಟರಿ ಅಂಗಳದಲ್ಲಿ ಗಾಡಿ ನಿಲ್ಲಿಸೋವಾಗ ಕೆಳಗೆ ಏನಿದೆ ಅಂತ ಬಗ್ಗಿ ನೋಡಿ.

"ಆ ಫಿಲ್ಟರ್ ಕಿತ್ತು ಬಿಸಾಕಿಸಿದ್ರೆ ಆಯ್ತಲ್ಲ" ಅನ್ನೋರೂ ಇದ್ದಾರೆ. ಅದು ಕಾನೂನಿಗೆ ವಿರುದ್ಧ, ವಾರಂಟಿ ಹೋಗುತ್ತೆ, ಎಫ್‌ಸಿಗೆ ಹೋದಾಗ ಸಿಕ್ಕಿಬೀಳ್ತೀರಿ. ಯೂರಿಯಾ ಟ್ಯಾಂಕ್ ಇರೋ ಗಾಡಿಗೆ ಗೊಬ್ಬರದ ಯೂರಿಯಾ ಕರಗಿಸಿ ಹಾಕೋ ಬುದ್ಧಿವಂತಿಕೆಯೂ ಬೇಡ. ಡಿಇಎಫ್ ಅನ್ನೋದು ಶೇ. 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜಾಂಶ ತೆಗೆದ ನೀರು. ಸೊಸೈಟಿಯಲ್ಲಿ ಸಿಗೋ ಯೂರಿಯಾಗೆ ಬೇವಿನ ಎಣ್ಣೆ ಲೇಪ ಇರುತ್ತೆ. ಅದು ಒಳಗೆ ಹೋದ್ರೆ ಚೀಲಕ್ಕೆ ಉಳಿಸಿದ್ದರ ಎಷ್ಟೋ ಪಟ್ಟು ದುಡ್ಡು ರಿಪೇರಿಗೆ ಹೋಗುತ್ತೆ.

ದುಡ್ಡಿನ ಲೆಕ್ಕ

ಈಗ ಪೇಪರ್ ಪೆನ್ನು ತಗೊಳ್ಳಿ. ಕೆಳಗಿನ ಮೈಲೇಜ್, ಬೆಲೆ ಎಲ್ಲ ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳು. ನಿಮ್ಮ ಕೊಟೇಶನ್ ನೋಡಿ ನಿಮ್ಮದೇ ಅಂಕಿ ಹಾಕ್ಕೊಳ್ಳಿ.

ಮುಕ್ಕಾಲು ಟನ್ ಗಾಡಿ, ಪೆಟ್ರೋಲ್ ಲೀಟರಿಗೆ 15 ಕಿ.ಮೀ., ಡೀಸೆಲ್ 19 ಕಿ.ಮೀ. ಅಂತ ಇಟ್ಟುಕೊಳ್ಳೋಣ. ಪೆಟ್ರೋಲ್ 103 ರೂ. ಆದ್ರೆ ಕಿಲೋಮೀಟರಿಗೆ 6.87 ರೂ. ಡೀಸೆಲ್ 91 ಆದ್ರೆ 4.79 ರೂ. ಡೀಸೆಲ್‌ನಲ್ಲಿ ಕಿಲೋಮೀಟರಿಗೆ 2 ರೂಪಾಯಿ 8 ಪೈಸೆ ಉಳಿತು.

ದಿನಕ್ಕೆ 40 ಕಿ.ಮೀ., ತಿಂಗಳಿಗೆ 26 ದಿನ ಓಡಿಸೋ ಅಂಗಡಿಯವನಿಗೆ ತಿಂಗಳಿಗೆ 1,040 ಕಿ.ಮೀ. ಆಗುತ್ತೆ. ಉಳಿತಾಯ ಸುಮಾರು 2,160 ರೂ. ಕೇಳೋಕೆ ಚೆನ್ನಾಗಿದೆ. ಆದ್ರೆ ಡೀಸೆಲ್ ಗಾಡಿಗೆ ಒಂದು ಲಕ್ಷ ಜಾಸ್ತಿ ಕೊಟ್ಟಿದ್ದೀರಿ ಅಂದುಕೊಳ್ಳಿ. ಆ ಲಕ್ಷವೂ ಸಾಲವೇ ತಾನೇ? ಶೇ. 11ರ ಬಡ್ಡಿಗೆ ನಾಲ್ಕು ವರ್ಷಕ್ಕೆ ಆ ಒಂದು ಲಕ್ಷದ ಕಂತೇ ತಿಂಗಳಿಗೆ 2,585 ರೂ. ಉಳಿದದ್ದು 2,160, ಕಟ್ಟಿದ್ದು 2,585. ಡೀಸೆಲ್ ಬಂಕಿನಲ್ಲಿ ಉಳಿಸಿದ್ದು ಫೈನಾನ್ಸಿನವರ ಹತ್ತಿರ ಹೋಯ್ತು, ಮೇಲೆ ನಮ್ಮ ಕೈಯಿಂದ 425 ರೂಪಾಯಿ.

ಡೀಸೆಲ್ಲಿನ ಆಯಿಲ್, ಫ್ಯೂಯಲ್ ಫಿಲ್ಟರ್, ಇಂಜೆಕ್ಟರ್ ಖರ್ಚು ಅಂತ ವರ್ಷಕ್ಕೆ 10,000 ಹೆಚ್ಚು ಸೇರಿಸಿ. ಆಗ ಎರಡೂ ಸಮ ಆಗೋದು ತಿಂಗಳಿಗೆ ಸುಮಾರು 1,640 ಕಿ.ಮೀ. ಓಡಿದಾಗ, ಅಂದ್ರೆ ದಿನಕ್ಕೆ 63 ಕಿ.ಮೀ. ಹತ್ತಿರ. ಅದಕ್ಕಿಂತ ಕಡಿಮೆ ಓಡಿಸೋರಿಗೆ ಪೆಟ್ರೋಲೇ ಲಾಭ. ದಿನಕ್ಕೆ 150 ಕಿ.ಮೀ. ಓಡಿಸೋರಿಗೆ ತಿಂಗಳಿಗೆ 8,000 ರೂಪಾಯಿ ಮೇಲೆ ಉಳಿಯುತ್ತೆ, ಅವರು ಪೆಟ್ರೋಲ್ ಮಾತೇ ಎತ್ತಬಾರದು.

ತಿಪಟೂರಿನಿಂದ ಅರಸೀಕೆರೆ ಸುಮಾರು 25 ಕಿ.ಮೀ. ದಿನಾ ಒಂದು ಸಲ ಹೋಗಿಬಂದ್ರೂ 50 ಆಯ್ತು, ಅಷ್ಟೆ. ನೊಣವಿನಕೆರೆ, ಹೊನ್ನವಳ್ಳಿ, ಕಿಬ್ಬನಹಳ್ಳಿ ಅಂತ ಹೋಬಳಿ ಒಳಗೇ ಸುತ್ತೋ ವ್ಯಾಪಾರಿ ದಿನಕ್ಕೆ 63 ದಾಟೋದು ಕಷ್ಟ. ನೀರಿನ ಕ್ಯಾನ್ ಹಾಕೋರು, ಬೇಕರಿ, ಹಾಲು, ತರಕಾರಿ, ಶಾಮಿಯಾನದವರು ಎಲ್ಲ ಈ ಲೆಕ್ಕದೊಳಗೇ ಬರ್ತಾರೆ. ನಿಮ್ಮ ಅಂದಾಜು ನಂಬಬೇಡಿ. ಒಂದು ತಿಂಗಳು ಬಾಡಿಗೆ ಗಾಡಿಯಲ್ಲೇ ಕೆಲಸ ಮಾಡಿ, ಬೆಳಗ್ಗೆ ಸಂಜೆ ಮೀಟರ್ ರೀಡಿಂಗ್ ಬರೆದಿಡಿ. ನಾವು ದಿನಕ್ಕೆ 60 ಓಡ್ತೀವಿ ಅಂತಿದ್ವಿ, ಬರೆದು ನೋಡಿದ್ರೆ 28.

ತೂಕ ಏನು ಹೇಳುತ್ತೆ?

ಕಿಲೋಮೀಟರ್ ಜೊತೆ ತೂಕವೂ ಬರೀರಿ. 20 ಲೀಟರಿನ ನೀರಿನ ಕ್ಯಾನ್ 35 ಹಾಕಿದ್ರೆ 700 ಕೆಜಿ. ಸಿಮೆಂಟ್ 15 ಚೀಲಕ್ಕೆ 750 ಕೆಜಿ. ಸುಲಿದ ತೆಂಗಿನಕಾಯಿ ಒಂದಕ್ಕೆ ಅರ್ಧ ಕೆಜಿ ಅಂದ್ರೂ ಸಾವಿರಕ್ಕೆ ಅರ್ಧ ಟನ್. ಇವೆಲ್ಲ ಸಣ್ಣ ಪೆಟ್ರೋಲ್ ಗಾಡಿಗೆ ಆಗೋ ಲೋಡು. ನಾರು, ಮಟ್ಟೆ ಬೇರೆ ತರ, ತೂಕ ಕಮ್ಮಿ, ಜಾಗ ಜಾಸ್ತಿ. ಅವಕ್ಕೆ ಎಂಜಿನ್‌ಗಿಂತ ಡೆಕ್ ಉದ್ದ ನೋಡಬೇಕು.

ಡೀಸೆಲ್ ಯಾಕೆ ಎಳೆಯುತ್ತೆ ಅನ್ನೋದಕ್ಕೆ ಒಂದು ಹೋಲಿಕೆ. ಸೂಪರ್ ಕ್ಯಾರಿ ಪೆಟ್ರೋಲಿಗೆ ಸುಮಾರು 80 ಎಚ್‌ಪಿ, ಇಂಟ್ರಾ ವಿ30 ಡೀಸೆಲ್‌ಗೆ 70. ಕೇಳಿದ್ರೆ ಪೆಟ್ರೋಲೇ ಜೋರು ಅನ್ಸುತ್ತೆ. ಆದ್ರೆ ಟಾರ್ಕ್, ಅಂದ್ರೆ ಎಳೆಯೋ ಬಲ, ಮೊದಲನೇದಕ್ಕೆ ಸುಮಾರು 104 ನ್ಯೂಟನ್ ಮೀಟರ್, ಎರಡನೇದಕ್ಕೆ 140. ಅದೂ ಪೆಟ್ರೋಲಿಗೆ 2,900 ಸುತ್ತಿಗೆ ಬಂದ್ರೆ ಡೀಸೆಲ್‌ಗೆ 1,800ಕ್ಕೇ ಬಂದುಬಿಡುತ್ತೆ. ಲೋಡ್ ಹಾಕಿ ದಿಬ್ಬ ಹತ್ತೋವಾಗ ಪೆಟ್ರೋಲ್ ಗಾಡಿಯ ಡ್ರೈವರ್ ಆಕ್ಸಿಲೇಟರ್ ಒತ್ತಿ ಕಿರುಚಿಸಬೇಕು, ಕ್ಲಚ್ ಅರ್ಧ ಹಿಡಿಯಬೇಕು. ಮುಕ್ಕಾಲು ಟನ್ ಗಾಡಿಗೆ ಒಂದೂಕಾಲು ಟನ್ ತುಂಬೋ ಅಭ್ಯಾಸ ಇದ್ರೆ ಪೆಟ್ರೋಲ್ ಗಾಡಿ ಕ್ಲಚ್ ಪ್ಲೇಟ್ ಬೇಗ ಸುಡುತ್ತೆ, ಮೈಲೇಜ್ 15 ಅಲ್ಲ, ಹತ್ತಕ್ಕೆ ಬರುತ್ತೆ. ಓವರ್‌ಲೋಡಿಗೆ 2019ರ ತಿದ್ದುಪಡಿ ಆದ ಮೋಟಾರು ವಾಹನ ಕಾಯ್ದೆಯಲ್ಲಿ 20,000 ರೂ. ದಂಡ, ಹೆಚ್ಚುವರಿ ಪ್ರತಿ ಟನ್‌ಗೆ 2,000 ಬೇರೆ.

ಹಾಗಾಗಿ ಕೊಬ್ಬರಿ ಮೂಟೆ ತುಂಬಿ ಬೆಂಗಳೂರಿಗೆ ಹೋಗೋರು ಸಣ್ಣ ಗಾಡಿಯ ಆಸೆಗೆ ಬೀಳಬಾರದು. ಹೋಗಿಬರೋಕೆ ಸುಮಾರು 280 ಕಿ.ಮೀ. ಒಂದೂವರೆ ಟನ್ ಡೀಸೆಲ್ ಪಿಕಪ್ ಲೀಟರಿಗೆ 12 ಕೊಟ್ರೆ ಒಂದು ಟ್ರಿಪ್ಪಿಗೆ 2,120 ರೂ. ಡೀಸೆಲ್. ಅದೇ ಮಾಲನ್ನ ಮುಕ್ಕಾಲು ಟನ್ ಪೆಟ್ರೋಲ್ ಗಾಡಿಯಲ್ಲಿ ಎರಡು ಸಲ ಸಾಗಿಸಿದ್ರೆ 3,850 ರೂ. ಹತ್ತಿರ, ಒಂದು ದಿನ ಜಾಸ್ತಿ, ಡ್ರೈವರ್ ಬತ್ತ ಎರಡು ಸಲ. ಶಿರಾಡಿ, ಚಾರ್ಮಾಡಿ ಇಳಿದು ಮಂಗಳೂರು ಕಡೆ ಹೋಗೋರಿಗೂ ಇದೇ ಮಾತು. ಡಿಪಿಎಫ್ ತೊಂದರೆಯೂ ಇವರಿಗೆ ಅಷ್ಟಾಗಿ ಬರಲ್ಲ, ಗಾಡಿ ಓಡ್ತಾನೇ ಇರುತ್ತೆ.

ಪೆಟ್ರೋಲಿನ ಕಿರಿಕಿರಿ, ಸಿಎನ್‌ಜಿ ದಾರಿ

ಪೆಟ್ರೋಲ್ ಗಾಡಿ ತಗೊಳ್ಳೋರು ಇ20 ಮರೀಬಾರದು. ಈಗ ಬಂಕಿನಲ್ಲಿ ಸಿಗೋದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ. ಇ10ಕ್ಕೆ ಅಂತ ಹೊಂದಿಸಿದ ಹಳೇ ನಾಲ್ಕು ಚಕ್ರದ ಗಾಡಿಗಳಲ್ಲಿ ಮೈಲೇಜ್ ಶೇ. 6-7 ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಇ20ಗೆ ಹೊಂದಿಸಿದ ಹೊಸ ಗಾಡಿಯಲ್ಲಿ ಇಳಿಕೆ ಕಡಿಮೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ ನೋಡೋರು 2023ರ ಏಪ್ರಿಲ್ ನಂತರದ್ದು ನೋಡಿದ್ರೆ ಒಳ್ಳೇದು. ಎಥೆನಾಲ್ ನೀರನ್ನ ಎಳ್ಕೊಳ್ಳುತ್ತೆ, ಅದಕ್ಕೇ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ಅರ್ಧ ಖಾಲಿ ಬಿಡಬೇಡಿ.

ಸಿಎನ್‌ಜಿ ನಿಮ್ಮ ದಾರಿಯಲ್ಲೇ ಸಿಗೋದಾದ್ರೆ ಒಳ್ಳೇ ಆಯ್ಕೆ. ದಾರಿಯಲ್ಲೇ ಸಿಗಬೇಕು ಅನ್ನೋದು ಮುಖ್ಯ. ಗ್ಯಾಸಿಗೋಸ್ಕರ ಹತ್ತು ಕಿಲೋಮೀಟರ್ ಹೋಗಿ ಸಾಲಲ್ಲಿ ನಿಂತ್ರೆ ಉಳಿದದ್ದು ಅಲ್ಲೇ ಹೋಯ್ತು. ಸಿಲಿಂಡರ್ ತೂಕವೂ ಲೋಡಿನಿಂದ ಕಳೆಯುತ್ತೆ. ಸೂಪರ್ ಕ್ಯಾರಿ ಪೆಟ್ರೋಲ್ 740 ಕೆಜಿ ಹೊರುತ್ತೆ, ಸಿಎನ್‌ಜಿ 625. ಎರಡು ಸಿಮೆಂಟ್ ಚೀಲಕ್ಕಿಂತ ಜಾಸ್ತಿ ಕಮ್ಮಿ. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಇಟ್ಟುಕೊಳ್ಳಬೇಕು.

ಶೋರೂಮಿಗೆ ಹೋಗೋ ಮುಂಚೆ ಇನ್ನೆರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಹಳೇ ಕೊಟೇಶನ್ ಇಟ್ಟುಕೊಂಡು ಚೌಕಾಸಿ ಮಾಡಬೇಡಿ. ಕಾಂಪೊಸಿಷನ್ ಅಲ್ಲದೆ ಮಾಮೂಲಿ ಜಿಎಸ್‌ಟಿ ನೋಂದಣಿ ಇರೋ ಅಂಗಡಿಯವರು ವ್ಯಾಪಾರಕ್ಕೆ ತಗೊಂಡ ಗೂಡ್ಸ್ ಗಾಡಿಯ ಮೇಲೆ ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ನಿಮ್ಮ ಲೆಕ್ಕಪತ್ರ ನೋಡೋರನ್ನ ಕೇಳಿ, ಬಿಲ್ ಅಂಗಡಿ ಹೆಸರಿಗೇ ಮಾಡಿಸಿ. ಪೆಟ್ರೋಲ್ ಡೀಸೆಲ್ ಜಿಎಸ್‌ಟಿಯಲ್ಲಿಲ್ಲ, ಅದಕ್ಕೆ ಕ್ರೆಡಿಟ್ ಇಲ್ಲ. "ಡೀಸೆಲ್ ಗಾಡಿ ಹತ್ತು ವರ್ಷಕ್ಕೆ ಗುಜರಿಗೆ ಹಾಕ್ಬೇಕಂತೆ" ಅಂತ ಹೆದರಿಸೋರು ಇದ್ದಾರೆ. ಆ ಹತ್ತು ವರ್ಷದ ಮಾತು ದೆಹಲಿ ಸುತ್ತಮುತ್ತಲಿನದು, ನಮ್ಮ ಕಡೆಯದಲ್ಲ.

ಸೆಕೆಂಡ್ ಹ್ಯಾಂಡ್ ಬಿಎಸ್6 ಡೀಸೆಲ್ ಅಗ್ಗಕ್ಕೆ ಸಿಗ್ತಿದ್ರೆ ಎಷ್ಟು ಓಡಿದೆ ಅನ್ನೋದಕ್ಕಿಂತ ಎಲ್ಲಿ ಓಡಿದೆ ಅಂತ ಕೇಳಿ. ಹೈವೇಯಲ್ಲಿ ಲಕ್ಷ ಕಿಲೋಮೀಟರ್ ಓಡಿದ ಗಾಡಿ ಊರೊಳಗೆ 20,000 ಓಡಿದ್ದಕ್ಕಿಂತ ವಾಸಿ ಇರಬಹುದು. ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನಲ್ಲಿ ಮಸಿ ಎಷ್ಟಿದೆ ನೋಡಿಸಿ. ಡಿಪಿಎಫ್ ಅಲ್ಲೇ ಇದೆಯಾ, ಯಾರಾದ್ರೂ ಕಿತ್ತಿದ್ದಾರಾ ಅಂತಲೂ ಬಗ್ಗಿ ನೋಡಿ.

ಮಾವ ಗಾಡಿ ಮಾರಲು ಹೊರಟಾಗ ಬಂದ ಬೆಲೆ ಉಳಿದಿದ್ದ ಸಾಲಕ್ಕೂ ಸಾಲುತ್ತಿರಲಿಲ್ಲ, ಅದಕ್ಕೇ ಇಟ್ಟುಕೊಂಡಿದ್ದಾರೆ. ಈಗ ಪ್ರತಿ ಭಾನುವಾರ ಬೆಳಗ್ಗೆ ಖಾಲಿ ಗಾಡಿ ತಗೊಂಡು ಅರಸೀಕೆರೆವರೆಗೆ ಹೋಗಿ, ಅಲ್ಲಿ ಟೀ ಕುಡಿದು ವಾಪಸ್ ಬರ್ತಾರೆ. 50 ಕಿಲೋಮೀಟರ್, 300 ರೂಪಾಯಿ ಡೀಸೆಲ್. ಆಮೇಲೆ ಆ ಲೈಟ್ ಮತ್ತೆ ಬಂದಿಲ್ಲ. ಕಂತು ಇನ್ನೂ ಹನ್ನೊಂದಿದೆ.